ಹಿಮದಲ್ಲಿ ತಂಗಲು ಗಟ್ಟಿ ಟೆಂಟು: ಪದೇ ಪದೇ ಕೇಳುವ ಪ್ರಶ್ನೆಗಳು

ಹಿಮದಲ್ಲಿ ಮೊದಲ ಸಲ ರಾತ್ರಿ ಕಳೆಯಲು ಹೊರಟವರು ಟೆಂಟಿನ ಬಗ್ಗೆ ಮೊದಲು ಕೇಳುವುದು, "ಒಳಗೆ ಬೆಚ್ಚಗಿರುತ್ತಾ?" ಅಂತ. ಬೆಚ್ಚಗಿಡುವ ಕೆಲಸ ಸ್ಲೀಪಿಂಗ್ ಬ್ಯಾಗಿನದು, ಕೆಳಗೆ ಹಾಸುವ ಮ್ಯಾಟಿನದು. ಟೆಂಟಿನ ಕೆಲಸ ನಿಂತಿರುವುದು. ನಡುರಾತ್ರಿ ಗಾಳಿ ಎದ್ದಾಗ, ಮೇಲೆ ಹಿಮ ಕೂತಾಗ, ಬೆಳಗಾಗುವ ತನಕ ನಿಂತಿರುವುದು. ಕೆಳಗಿನ ಉತ್ತರಗಳನ್ನೆಲ್ಲ ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ನನ್ನ ಹತ್ತಿರ ಒಳ್ಳೆಯ ಮಾಮೂಲಿ ಟೆಂಟು ಇದೆ. ಅದೇ ಹಿಮಕ್ಕೂ ಆಗುವುದಿಲ್ಲವೇ?

ಒಂದೊಂದು ಸಲ ಆಗುತ್ತದೆ. ಮರಗಳ ನಡುವೆ, ಗಾಳಿ ಇಲ್ಲದ ಜಾಗದಲ್ಲಿ, ಆಕಾಶ ತಿಳಿಯಾಗಿರುವ ಒಂದು ರಾತ್ರಿಗೆ ಆಗಬಹುದು. ನಾನೇ ಹಾಗೆ ಮಲಗಿದ್ದೇನೆ. ಆದರೆ ಹವಾಮಾನ ಕೈಕೊಟ್ಟರೆ ಅದಕ್ಕೆ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ.

ಮಾಮೂಲಿ ಟೆಂಟನ್ನು ಮಳೆ, ಸೊಳ್ಳೆ, ಸಣ್ಣ ಗಾಳಿಗೆ ಅಂತ ಮಾಡಿರುತ್ತಾರೆ. ಒಳಟೆಂಟಿನ ಅರ್ಧಕ್ಕಿಂತ ಜಾಸ್ತಿ ಭಾಗ ಬರೀ ಬಲೆ. ಹೊರಹೊದಿಕೆ ನೆಲದಿಂದ ಒಂದು ಗೇಣು ಮೇಲೆಯೇ ನಿಂತುಬಿಡುತ್ತದೆ. ಬೇಸಿಗೆಯಲ್ಲಿ ಆ ಸಂದಿಯಿಂದ ತಂಪು ಗಾಳಿ ಬಂದರೆ ಹಿತ. ಹಿಮದಲ್ಲಿ ಅದೇ ಸಂದಿಯಿಂದ ಗಾಳಿಯ ಜೊತೆ ಹಿಟ್ಟಿನಂಥ ಹಿಮ ನುಗ್ಗುತ್ತದೆ, ಬಲೆಯ ಕಣ್ಣುಗಳಲ್ಲಿ ಜರಡಿ ಹಿಡಿದ ಹಾಗೆ ಸೋಸಿಕೊಂಡು ನಿಮ್ಮ ಸ್ಲೀಪಿಂಗ್ ಬ್ಯಾಗಿನ ಮೇಲೆ ಬೀಳುತ್ತದೆ. ಅದು ಮೈಶಾಖಕ್ಕೆ ಕರಗಿದರೆ ಬ್ಯಾಗು ಒದ್ದೆ. ಪುಕ್ಕ ತುಂಬಿದ ಬ್ಯಾಗು ಒದ್ದೆಯಾದರೆ ಬೆಚ್ಚಗಿಡುವ ಗುಣವನ್ನೇ ಕಳೆದುಕೊಳ್ಳುತ್ತದೆ.

"ಫೋರ್ ಸೀಸನ್" ಅಂತ ಬರೆದಿದ್ದರೆ ಸಾಕಾ?

ಸಾಲದು. ಚಳಿಗಾಲವೂ ಸೇರಿ ನಾಲ್ಕೂ ಋತುಗಳಿಗೆ ಆಗುವ ಟೆಂಟು ಅಂತ ಅದರ ಅರ್ಥ, ಆದರೆ ಈ ಮಾತಿಗೆ ಎಲ್ಲ ಕಂಪನಿಗಳೂ ಒಪ್ಪಿಕೊಂಡ ಒಂದೇ ಅಳತೆ ಇಲ್ಲ. ಒಬ್ಬರು ಬಲೆಯ ಜಾಗದಲ್ಲಿ ಬಟ್ಟೆ ಹೊಲಿದು ಹಾಗೆ ಕರೆಯುತ್ತಾರೆ. ಇನ್ನೊಬ್ಬರು ಪರ್ವತದ ಬಿರುಗಾಳಿಗೆ ತಡೆಯುವುದನ್ನು ಮಾತ್ರ ಹಾಗೆ ಕರೆಯುತ್ತಾರೆ. ಚೀಟಿ ಓದುವುದು ಬಿಟ್ಟು ಟೆಂಟನ್ನೇ ನೋಡಿ. ಬಟ್ಟೆಯನ್ನು ಎತ್ತಿಹಿಡಿಯುವ ಪೋಲ್‌ಗಳು ಎಷ್ಟು, ಅವು ಎಷ್ಟು ಕಡೆ ಒಂದನ್ನೊಂದು ದಾಟುತ್ತವೆ? ಹೊರಹೊದಿಕೆ ನೆಲ ಮುಟ್ಟುತ್ತದಾ? ಹಗ್ಗ ಕಟ್ಟುವ ಕುಣಿಕೆಗಳು ಬುಡದಲ್ಲಿ ಮಾತ್ರ ಇವೆಯಾ, ಗೋಡೆಯ ನಡು ಎತ್ತರದಲ್ಲೂ ಇವೆಯಾ? ಆ ಕುಣಿಕೆಯ ಹಿಂದೆ ಒಳಗಡೆ ಪೋಲ್ ಇದೆಯಾ? ಬರೀ ಬಟ್ಟೆಗೆ ಹೊಲಿದ ಕುಣಿಕೆ ಗಾಳಿಯಲ್ಲಿ ಬಟ್ಟೆಯನ್ನು ಮಾತ್ರ ಎಳೆಯುತ್ತದೆ. ಪೋಲ್‌ಗೆ ಸೇರಿದ ಕುಣಿಕೆ ಇಡೀ ಚೌಕಟ್ಟನ್ನು ಹಿಡಿಯುತ್ತದೆ. ನಾನು ಟೆಂಟು ನೋಡುವಾಗ ಮೊದಲು ಕೈ ಹಾಕಿ ನೋಡುವುದು ಇಲ್ಲಿಗೇ.

ಮೇಲೆ ಕೂರುವ ಹಿಮ ನಿಜವಾಗಿ ಎಷ್ಟು ಭಾರ?

ಲೆಕ್ಕ ಹಾಕಿಯೇ ನೋಡೋಣ. ಆಗಷ್ಟೇ ಬಿದ್ದ ಒಣ ಹಿಮ ಒಂದು ಘನ ಮೀಟರಿಗೆ ಸುಮಾರು 50ರಿಂದ 100 ಕೆಜಿ ತೂಗುತ್ತದೆ. ಒದ್ದೆ ಹಿಮ 300 ಕೆಜಿ ಮುಟ್ಟಬಹುದು. ಇಬ್ಬರ ಟೆಂಟಿನ ಮೇಲ್ಭಾಗ 3 ಚದರ ಮೀಟರ್ ಅಂದುಕೊಳ್ಳಿ. ಅದರ ಮೇಲೆ 20 ಸೆಂ.ಮೀ. ಒಣ ಹಿಮ ಕೂತರೆ 30ರಿಂದ 60 ಕೆಜಿ. ಅಷ್ಟೇ ದಪ್ಪ ಒದ್ದೆ ಹಿಮವಾದರೆ 180 ಕೆಜಿ. ಬೆರಳಿನ ದಪ್ಪದ ಎರಡು ಕೊಳವೆಗಳ ಮೇಲೆ ಇಬ್ಬರು ಮೂವರು ಹತ್ತಿ ಕೂತ ಹಾಗೆ.

ಹಾಗಾಗಿ ಗೋಡೆಗಳು ಕಡಿದಾಗಿರಬೇಕು, ಹಿಮ ಕೂರದೆ ಜಾರಬೇಕು. ನೆತ್ತಿಯ ಮೇಲೆ ಚಪ್ಪಟೆ ಜಾಗ ಕಡಿಮೆ ಇದ್ದಷ್ಟೂ ಒಳ್ಳೆಯದು. ಎರಡು ಪೋಲ್‌ಗಳ ನಡುವೆ ಬಟ್ಟೆ ಜೋತುಬಿದ್ದಿದ್ದರೆ ಅಲ್ಲಿ ಹಿಮ ತೊಟ್ಟಿಲಿನಲ್ಲಿ ಮಲಗಿದ ಹಾಗೆ ಕೂರುತ್ತದೆ. ಅದು ಬಟ್ಟೆಯನ್ನು ಇನ್ನಷ್ಟು ಜೋಲಿಸುತ್ತದೆ, ಆ ತಗ್ಗಿಗೆ ಇನ್ನಷ್ಟು ಹಿಮ ಬಂದು ಸೇರುತ್ತದೆ. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಬೀಳುವ ಒದ್ದೆ ಹಿಮಕ್ಕೆ ನಾನು ಕೊರೆಯುವ ಚಳಿಯ ಒಣ ಹಿಮಕ್ಕಿಂತ ಜಾಸ್ತಿ ಹೆದರುತ್ತೇನೆ.

ಗಾಳಿ ದೊಡ್ಡ ಶತ್ರುವಾ, ಹಿಮವಾ?

ಬಯಲಿನಲ್ಲಿ, ಬೆಟ್ಟದ ಮೇಲೆ, ಗಾಳಿಯೇ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 50 ಕಿ.ಮೀ. ಗಾಳಿ ಎದುರಿಗಿರುವ ಒಂದು ಚದರ ಮೀಟರ್ ಮೇಲೆ ಸುಮಾರು 12 ಕೆಜಿಯಷ್ಟು ಒತ್ತುತ್ತದೆ. 100 ಕಿ.ಮೀ. ಆದರೆ ಅದು 48 ಕೆಜಿಯ ಹತ್ತಿರ. ಅದೂ ಒಂದೇ ಸಮನಾಗಿ ಒತ್ತುವುದಿಲ್ಲ. ಬಿಟ್ಟು ಬಿಟ್ಟು ಗುದ್ದುತ್ತದೆ. ಹೊಲಿಗೆ ಬಿಚ್ಚುವುದು, ಗೂಟ ಸಡಿಲವಾಗುವುದು ಆ ಗುದ್ದಿನಿಂದ.

1911ರ ಜುಲೈನಲ್ಲಿ ಎಡ್ವರ್ಡ್ ವಿಲ್ಸನ್, ಹೆನ್ರಿ ಬೋವರ್ಸ್, ಆಪ್ಸ್‌ಲಿ ಚೆರಿ-ಗರಾರ್ಡ್ ಎಂಬ ಮೂವರು ಬ್ರಿಟಿಷ್ ಅನ್ವೇಷಕರು ಅಂಟಾರ್ಕ್ಟಿಕಾದ ಕೇಪ್ ಕ್ರೋಜಿಯರ್‌ಗೆ ಎಂಪರರ್ ಪೆಂಗ್ವಿನ್ ಮೊಟ್ಟೆ ತರಲು ಹೋಗಿದ್ದರು. ಅಲ್ಲಿನ ನಡುಚಳಿಗಾಲ, ಹಗಲೂ ಕತ್ತಲು. ಬಿರುಗಾಳಿ ಅವರ ಟೆಂಟನ್ನು ಎತ್ತಿಕೊಂಡು ಹೋಯಿತು. ಕಲ್ಲು ಪೇರಿಸಿ ಕಟ್ಟಿಕೊಂಡಿದ್ದ ಗುಡಿಸಲಿನ ಮಾಡೂ ಹರಿದು ಹಾರಿತು. ಸ್ಲೀಪಿಂಗ್ ಬ್ಯಾಗಿನಲ್ಲಿ, ಮೇಲೆ ಹಿಮ ಬೀಳುತ್ತಿರುವಾಗಲೇ ಮಲಗಿದ್ದರು. ಟೆಂಟಿಲ್ಲದೆ ವಾಪಸ್ ಹೋಗುವುದು ಸಾಧ್ಯವಿಲ್ಲ ಅಂತ ಮೂವರಿಗೂ ಗೊತ್ತಿತ್ತು. ಗಾಳಿ ನಿಂತ ಮೇಲೆ ಇಳಿಜಾರಿನ ಬುಡದಲ್ಲಿ ಟೆಂಟು ಸಿಕ್ಕಿತು, ಮುಚ್ಚಿದ ಕೊಡೆಯ ಹಾಗೆ ಮಡಚಿಕೊಂಡು ಬಿದ್ದಿತ್ತು. ಬಟ್ಟೆ, ಕೋಲು ಎಲ್ಲ ಗಟ್ಟಿಯಾಗಿಯೇ ಇದ್ದವು. ಸೋತದ್ದು ನೆಲದ ಹಿಡಿತ. ಇದನ್ನು ಕೆಳಗೆ ಗೂಟಗಳ ಪ್ರಶ್ನೆ ಬಂದಾಗ ನೆನಪಿಟ್ಟುಕೊಳ್ಳಿ.

ಯಾವ ಆಕಾರ ಒಳ್ಳೆಯದು?

ಇದಕ್ಕೆ ಒಂದೇ ಉತ್ತರ ಇಲ್ಲ. ಆದರೆ ಗೊಂದಲವೂ ಬೇಕಾಗಿಲ್ಲ. ಮುಖ್ಯವಾಗಿ ನಾಲ್ಕು ಜಾತಿ.

ಎರಡೇ ಪೋಲ್ ಅಡ್ಡಡ್ಡ ದಾಟುವ ಸಾದಾ ಗುಮ್ಮಟ ಎಲ್ಲರಿಗೂ ಗೊತ್ತಿರುವುದು. ಹಗುರ, ಹಾಕುವುದು ಸುಲಭ. ಅದರ ಗೋಡೆಯ ನಡುವೆ ದೊಡ್ಡ ದೊಡ್ಡ ತ್ರಿಕೋನಗಳಲ್ಲಿ ಬಟ್ಟೆಗೆ ಆಸರೆಯೇ ಇರುವುದಿಲ್ಲ. ಜೋರು ಗಾಳಿಗೆ ಒಂದು ಬದಿ ಒಳಕ್ಕೆ ಬಾಗಿ ನಿಮ್ಮ ಮುಖಕ್ಕೇ ಬಂದು ತಾಗುತ್ತದೆ.

ಜಿಯೋಡೆಸಿಕ್ ಗುಮ್ಮಟದಲ್ಲಿ ನಾಲ್ಕು, ಐದು ಪೋಲ್‌ಗಳು ಹಲವು ಕಡೆ ದಾಟಿ ಸಣ್ಣ ಸಣ್ಣ ತ್ರಿಕೋನಗಳನ್ನು ಮಾಡುತ್ತವೆ. ಅಮೆರಿಕದ ವಿನ್ಯಾಸಕಾರ ಬಕ್‌ಮಿನ್‌ಸ್ಟರ್ ಫುಲ್ಲರ್ 1954ರಲ್ಲಿ ಪೇಟೆಂಟ್ ಪಡೆದ ಕಟ್ಟಡ ವಿನ್ಯಾಸದ ತತ್ವವೇ 1970ರ ದಶಕದಲ್ಲಿ ಟೆಂಟಿಗೂ ಬಂತು. ತ್ರಿಕೋನಕ್ಕೆ ಒಂದು ಗುಣ ಇದೆ: ಬದಿಗಳ ಉದ್ದ ಬದಲಾಗದೆ ಅದರ ಆಕಾರ ಬದಲಾಗುವುದಿಲ್ಲ. ಚೌಕವನ್ನು ಒತ್ತಿದರೆ ಓರೆಯಾಗುತ್ತದೆ, ತ್ರಿಕೋನ ಹಾಗೇ ನಿಲ್ಲುತ್ತದೆ. ಒಂದು ಕಡೆ ಬಿದ್ದ ಭಾರ ದಾಟುವ ಜಾಗಗಳ ಮೂಲಕ ಎಲ್ಲ ಪೋಲ್‌ಗಳಿಗೂ ಹಂಚಿಹೋಗುತ್ತದೆ. ಗಾಳಿ ಯಾವ ದಿಕ್ಕಿನಿಂದ ಬಂದರೂ ಇದಕ್ಕೆ ಹೆಚ್ಚು ವ್ಯತ್ಯಾಸ ಇಲ್ಲ. ಹಿಮದ ಭಾರಕ್ಕೂ ಇದೇ ಗಟ್ಟಿ. ತೂಕ ಜಾಸ್ತಿ, ಹಾಕಲು ಹೊತ್ತು ಹಿಡಿಯುತ್ತದೆ.

ಸುರಂಗದ ಆಕಾರದ ಟೆಂಟಿನಲ್ಲಿ ಕಮಾನಿನಂಥ ಪೋಲ್‌ಗಳು ಸಾಲಾಗಿ ನಿಲ್ಲುತ್ತವೆ, ಒಂದನ್ನೊಂದು ದಾಟುವುದಿಲ್ಲ. ತೂಕಕ್ಕೆ ಹೋಲಿಸಿದರೆ ಒಳಗೆ ಸಿಗುವ ಜಾಗ ತುಂಬಾ. ಗಾಳಿಗೆ ಬೆನ್ನು ಅಥವಾ ಮೂತಿ ಕೊಟ್ಟು ಹಾಕಿದರೆ ಬಿರುಗಾಳಿಯನ್ನೂ ತಡೆಯುತ್ತದೆ. ಧ್ರುವ ಪ್ರದೇಶದಲ್ಲಿ ಸ್ಲೆಡ್ಜ್ ಎಳೆದುಕೊಂಡು ಹೋಗುವ ಎಷ್ಟೋ ಜನರ ಆಯ್ಕೆ ಇದು. ಆದರೆ ರಾತ್ರಿ ಗಾಳಿ ದಿಕ್ಕು ಬದಲಿಸಿ ಪಕ್ಕೆಗೆ ಬಡಿದರೆ ಒದ್ದಾಡುತ್ತದೆ. ಜೊತೆಗೆ ಇದು ತಾನಾಗಿ ನಿಲ್ಲುವುದಿಲ್ಲ. ಎರಡೂ ತುದಿ ಬಿಗಿಯಾಗಿ ಎಳೆದು ಕಟ್ಟಿದರೆ ಮಾತ್ರ ನಿಲ್ಲುತ್ತದೆ.

ಇನ್ನು ಪಿರಮಿಡ್. ಅಂಟಾರ್ಕ್ಟಿಕಾದಲ್ಲಿ ಸಂಶೋಧಕರು ಇವತ್ತಿಗೂ ಬಳಸುವ ಭಾರೀ ಪಿರಮಿಡ್ ಟೆಂಟು ನೂರು ವರ್ಷ ಹಳೆಯ ವಿನ್ಯಾಸವೇ. ಮೂಲೆಗೊಂದರಂತೆ ನಾಲ್ಕು ದಪ್ಪ ಕೋಲು, ಬುಡದ ಸುತ್ತ ಅಗಲವಾದ ಬಟ್ಟೆಯ ಅಂಚು, ಅದರ ಮೇಲೆ ಹಿಮದ ಗಡ್ಡೆಗಳು. ಬೆನ್ನ ಮೇಲೆ ಹೊರುವವರಿಗೆ ಇದು ಸಾಧ್ಯವಿಲ್ಲ. ನಡುವೆ ಒಂದೇ ಕೋಲು ಇರುವ ಹಗುರ ಪಿರಮಿಡ್‌ಗಳೂ ಇವೆ. ಹಿಮ ಚೆನ್ನಾಗಿ ಜಾರುತ್ತದೆ, ಆದರೆ ಬದಿ ಗೋಡೆಗಳ ಮೇಲೆ ಗಾಳಿಯ ಹಿಮ ಗುಡ್ಡೆಯಾಗಿ ಒಳಗಿನ ಜಾಗ ಕಿರಿದಾಗುತ್ತಾ ಹೋಗುತ್ತದೆ.

ಹಿಮದಲ್ಲಿ ಅನುಭವ ಇಲ್ಲದವರು ಕೇಳಿದರೆ ನಾನು ಜಿಯೋಡೆಸಿಕ್ ಅನ್ನೇ ಹೇಳುತ್ತೇನೆ. ಹಾಕುವಾಗ ಮಾಡಿದ ತಪ್ಪನ್ನು ಅದು ಸಹಿಸಿಕೊಳ್ಳುತ್ತದೆ. ಸುರಂಗ ಟೆಂಟು ಸಹಿಸಿಕೊಳ್ಳುವುದಿಲ್ಲ.

ಪೋಲ್ ಯಾವ ವಸ್ತುವಿನದು ಇರಬೇಕು?

ಅಲ್ಯೂಮಿನಿಯಂ. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ನನ್ನ ಮೊದಲ ಹಿಮದ ರಾತ್ರಿ ಬಾಡಿಗೆ ಟೆಂಟಿನಲ್ಲಿ ಕಳೆಯಿತು. ಪೋಲ್ ಫೈಬರ್‌ಗ್ಲಾಸಿನದು ಅಂತ ಗಮನಿಸಿರಲಿಲ್ಲ. ಹನ್ನೊಂದರ ಸುಮಾರಿಗೆ ತಲೆಯ ಮೇಲೆ ಟಪ್ ಅಂತ ಸದ್ದಾಯಿತು. ಟಾರ್ಚ್ ಹಾಕಿ ನೋಡಿದರೆ ಪೋಲ್ ಬಾಗಿರಲಿಲ್ಲ, ಬಿದಿರು ಸೀಳಿದ ಹಾಗೆ ಉದ್ದಕ್ಕೆ ಸೀಳಿತ್ತು. ಸೀಳಿನ ಸಿಬಿರು ಪೋಲ್ ತೂರಿಸುವ ಬಟ್ಟೆಯ ತೋಳನ್ನು ಹರಿದು, ಹೊರಹೊದಿಕೆಯನ್ನೂ ಚುಚ್ಚಿ ಆಚೆ ಬಂದಿತ್ತು. ಆ ತೂತಿನಿಂದ ಹಿಮದ ಪುಡಿ ಒಂದು ಸಣ್ಣ ದಾರದ ಹಾಗೆ ಸುರಿಯುತ್ತಿತ್ತು. ಕೈಗವಸಿನಿಂದ ತೂತು ಮುಚ್ಚಿ, ಪೋಲ್ ಹಿಡಿದುಕೊಂಡು, ಸರದಿಯ ಮೇಲೆ ಕೂತು ಬೆಳಗು ಮಾಡಿದೆವು. ಫೈಬರ್‌ಗ್ಲಾಸ್ ಚಳಿಗೆ ಪೆಡಸಾಗುತ್ತದೆ. ಅಲ್ಯೂಮಿನಿಯಂ ಮೊದಲು ಬಾಗುತ್ತದೆ, ಬಾಗಿದ್ದನ್ನು ತಗಡಿನ ಕೊಳವೆ ತೊಡಿಸಿ ಬೆಳಗಿನ ತನಕ ನಿಲ್ಲಿಸಬಹುದು.

ದಪ್ಪವೂ ಮುಖ್ಯ. ಹಗುರ ಟೆಂಟಿನಲ್ಲಿ 8.5 ಮಿ.ಮೀ. ಆಸುಪಾಸಿನ ಪೋಲ್ ಇದ್ದರೆ, ಗಟ್ಟಿ ಹಿಮದ ಟೆಂಟಿನಲ್ಲಿ 9ರಿಂದ 10 ಮಿ.ಮೀ. ಇರುತ್ತದೆ. ಒಂದು ಮಿಲಿಮೀಟರ್ ಏನು ಮಹಾ ಅನ್ನಿಸಬಹುದು. ಆದರೆ ಕೊಳವೆಯ ಬಿಗಿತ ವ್ಯಾಸಕ್ಕಿಂತ ತುಂಬಾ ವೇಗವಾಗಿ ಏರುತ್ತದೆ. ಕೆಲವು ಟೆಂಟುಗಳಲ್ಲಿ ಒಂದೇ ತೋಳಿನಲ್ಲಿ ಎರಡು ಪೋಲ್ ಹಾಕಲು ಜಾಗ ಬಿಟ್ಟಿರುತ್ತಾರೆ. ಹವಾಮಾನ ಕೆಡುತ್ತದೆ ಅಂದಾಗ ಇನ್ನೊಂದು ಜೊತೆ ಸೇರಿಸಬಹುದು. ಅಂಥ ಟೆಂಟು ಸಿಕ್ಕರೆ ಬಿಡಬೇಡಿ.

ಪೋಲ್‌ನೊಳಗಿನ ಎಲಾಸ್ಟಿಕ್ ದಾರ ಚಳಿಗೆ ಸತ್ತ ಹಾಗಾಗುತ್ತದೆ, ತುಂಡುಗಳು ತಾವಾಗಿ ಕೂಡಿಕೊಳ್ಳುವುದಿಲ್ಲ. ಒಂದೊಂದೇ ಕೀಲನ್ನು ಕೈಯಿಂದ ಪೂರ್ತಿ ಕೂಡಿಸಿ. ಅರ್ಧ ಕೂತ ಕೀಲಿನಲ್ಲೇ ಪೋಲ್ ಮುರಿಯುವುದು. ಕೀಲಿನಲ್ಲಿ ಹಿಮ ಸೇರಿದ್ದರೆ ಮೊದಲು ಒರೆಸಿ, ಇಲ್ಲದಿದ್ದರೆ ಬೆಳಗ್ಗೆ ಅದು ಬೆಸುಗೆ ಹಾಕಿದ ಹಾಗೆ ಅಂಟಿರುತ್ತದೆ. ಅಂಟಿದರೆ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ, ಗವಸು ಹಾಕಿಕೊಂಡೇ.

ಪೋಲ್ ಹಾಕಲು ತೋಳು ಒಳ್ಳೆಯದಾ, ಕ್ಲಿಪ್ ಒಳ್ಳೆಯದಾ?

ಬಟ್ಟೆಯ ತೋಳು ಭಾರವನ್ನು ಪೋಲ್‌ನ ಉದ್ದಕ್ಕೂ ಹಂಚುತ್ತದೆ, ಗಟ್ಟಿತನಕ್ಕೆ ಅದೇ ಮೇಲು. ಕ್ಲಿಪ್ ಬೇಗ ಆಗುತ್ತದೆ. ಆದರೆ ಸಣ್ಣ ಪ್ಲಾಸ್ಟಿಕ್ ಕ್ಲಿಪ್ ದಪ್ಪ ಗವಸಿನ ಕೈಗೆ ಸಿಗುವುದಿಲ್ಲ, ಗವಸು ಬಿಚ್ಚಿದರೆ ಬೆರಳು ಎರಡು ನಿಮಿಷದಲ್ಲಿ ಮರಗಟ್ಟುತ್ತದೆ. ತೋಳಿನಲ್ಲಿ ಪೋಲನ್ನು ತಳ್ಳಬೇಕು, ಎಳೆಯಬಾರದು. ಎಳೆದರೆ ಕೀಲು ಒಳಗೇ ಬಿಟ್ಟುಕೊಳ್ಳುತ್ತದೆ.

ಬಟ್ಟೆಯಲ್ಲಿ ಏನು ನೋಡಬೇಕು?

ನೈಲಾನ್ ಮತ್ತು ಪಾಲಿಯೆಸ್ಟರ್, ಇವೆರಡೇ ಹೆಚ್ಚು. ಒಂದೇ ತೂಕಕ್ಕೆ ನೈಲಾನ್ ಹರಿಯುವುದನ್ನು ತಡೆಯುವುದರಲ್ಲಿ ಜಾಸ್ತಿ ಗಟ್ಟಿ, ಆದರೆ ತೇವ ಹೀರಿ ಹಿಗ್ಗುತ್ತದೆ. ಸಂಜೆ ತಂತಿಯ ಹಾಗೆ ಬಿಗಿದಿದ್ದ ಟೆಂಟು ರಾತ್ರಿ ಜೋಲುಬೀಳುತ್ತದೆ, ಎದ್ದು ಹಗ್ಗ ಬಿಗಿಮಾಡಬೇಕಾಗುತ್ತದೆ. ಪಾಲಿಯೆಸ್ಟರ್ ಅಷ್ಟು ಹಿಗ್ಗುವುದಿಲ್ಲ, ಬಿಸಿಲಿಗೂ ಚೆನ್ನಾಗಿ ತಡೆಯುತ್ತದೆ. ಬಿಸಿಲಿನ ಮಾತು ಸುಮ್ನೆ ಹೇಳುತ್ತಿಲ್ಲ. ಪ್ರತಿ 1000 ಮೀಟರ್ ಎತ್ತರಕ್ಕೆ ನೇರಳಾತೀತ ಕಿರಣ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ, ಹೊಸ ಹಿಮ ಅದರಲ್ಲಿ ಶೇ. 80ರ ತನಕ ವಾಪಸ್ ಎಸೆಯುತ್ತದೆ. ಎತ್ತರದ ಬೇಸ್ ಕ್ಯಾಂಪಿನಲ್ಲಿ ವಾರಗಟ್ಟಲೆ ನಿಂತ ನೈಲಾನ್ ಹೊದಿಕೆ ಬಣ್ಣ ಮಾಸಿ ಪೆಡಸಾಗುವುದು ಇದಕ್ಕೇ.

ಲೇಪನ ಯಾವುದು ಅಂತ ಕೇಳಿ. ಸಿಲಿಕೋನ್ ಲೇಪನ ಬಟ್ಟೆ ಹರಿಯದಂತೆ ತಡೆಯುವ ಶಕ್ತಿ ಹೆಚ್ಚಿಸುತ್ತದೆ, ಹಿಮವೂ ಅದರ ಮೇಲೆ ಸಲೀಸಾಗಿ ಜಾರುತ್ತದೆ. ಪಿಯು (ಪಾಲಿಯುರೆಥೇನ್) ಲೇಪನ ನೀರು ತಡೆಯುತ್ತದೆ, ಆದರೆ ಆ ಶಕ್ತಿಯನ್ನು ಸ್ವಲ್ಪ ತಗ್ಗಿಸುತ್ತದೆ. ಎರಡೂ ಬದಿ ಸಿಲಿಕೋನ್ ಇದ್ದರೆ ಹೊಲಿಗೆಯ ಮೇಲೆ ಟೇಪ್ ಅಂಟುವುದಿಲ್ಲ. ಹೊಲಿಗೆಗೆ ದ್ರವ ಬಳಿದು ಮುಚ್ಚಿದ್ದಾರಾ ನೋಡಿಕೊಳ್ಳಿ, ಇಲ್ಲದಿದ್ದರೆ ನೀವೇ ಬಳಿಯಬೇಕು. ಡೆನಿಯರ್ ಅನ್ನುವುದು ನೂಲಿನ ದಪ್ಪ. ಹೊರಹೊದಿಕೆಗೆ 30ರಿಂದ 40, ನೆಲಕ್ಕೆ 70 ಇದ್ದರೆ ನೆಮ್ಮದಿ. ಬೂಟಿಗೆ ಕಟ್ಟುವ ಉಕ್ಕಿನ ಮುಳ್ಳು, ಅಂದರೆ ಕ್ರ್ಯಾಂಪಾನ್, ತೊಟ್ಟು ಒಳಗೆ ಕಾಲಿಟ್ಟರೆ ಯಾವ ಡೆನಿಯರೂ ಉಳಿಯುವುದಿಲ್ಲ!

ಒಂದೇ ಪದರ ಸಾಕಾ, ಎರಡು ಪದರ ಬೇಕಾ?

ಒಂದು ಪದರದ್ದು ಹಗುರ, ಸಣ್ಣದು, ಬೇಗ ನಿಲ್ಲುತ್ತದೆ. ಕಡಿದಾದ ಬೆಟ್ಟದಲ್ಲಿ ಕೈಯಗಲ ಜಾಗ ಕೆತ್ತಿಕೊಂಡು ಮಲಗುವ ಪರ್ವತಾರೋಹಿಗಳಿಗೆ ಅದು ಸರಿ. ಉಳಿದವರಿಗೆಲ್ಲ ಎರಡು ಪದರವೇ ಹಿತ. ನಡುವಿನ ಗಾಳಿಯ ಸಂದಿ ತೇವವನ್ನು ನಿಮ್ಮಿಂದ ದೂರ ಇಡುತ್ತದೆ, ಜಗುಲಿಯ ಹಾಗೆ ಮುಂದೆ ಚಾಚಿದ ಜಾಗವೂ ಸಿಗುತ್ತದೆ. ಒಳಪದರ, ಹೊರಪದರ ಕೂಡಿಕೊಂಡೇ ಒಟ್ಟಿಗೆ ಎದ್ದು ನಿಲ್ಲುವ ವಿನ್ಯಾಸ ಸಿಕ್ಕರೆ ಇನ್ನೂ ಒಳ್ಳೆಯದು. ಹಿಮ ಬೀಳುವಾಗ ಟೆಂಟು ಹಾಕಿದರೂ ಒಳಗಿನ ಜಾಗ ಒಣಗೇ ಇರುತ್ತದೆ.

ಬೆಳಗ್ಗೆ ಒಳಗೆಲ್ಲ ಮಂಜುಗಡ್ಡೆಯ ಪುಡಿ. ಟೆಂಟು ಸೋರುತ್ತಿದೆಯಾ?

ಸೋರುತ್ತಿಲ್ಲ. ಅದು ನಿಮ್ಮ ಉಸಿರು. ಒಬ್ಬ ಮನುಷ್ಯ ರಾತ್ರಿಯಲ್ಲಿ ಹೆಚ್ಚುಕಡಿಮೆ ಒಂದು ಲೋಟ ನೀರನ್ನು ಉಸಿರಿನಲ್ಲೇ ಬಿಡುತ್ತಾನೆ. ಅದು ತಣ್ಣನೆಯ ಬಟ್ಟೆಗೆ ತಾಗಿ ಹರಳುಗಟ್ಟುತ್ತದೆ. ಬೆಳಗ್ಗೆ ಭುಜ ತಗುಲಿದರೆ ಸಾಕು, ಕುತ್ತಿಗೆಯೊಳಗೆ ಉದುರುತ್ತದೆ. ಬಿಸಿಲು ಬೀಳುವ ಮೊದಲೇ ಮೆತ್ತಗಿನ ಬ್ರಷ್‌ನಿಂದ ಗುಡಿಸಿ ಆಚೆ ಹಾಕಿ. ಕರಗಿದ ಮೇಲೆ ಅದು ನೀರು, ಗುಡಿಸಲಾಗುವುದಿಲ್ಲ.

ಕಡಿಮೆ ಮಾಡುವ ದಾರಿ ಗಾಳಿಕಿಂಡಿ. ಟೆಂಟಿನ ನೆತ್ತಿಯ ಹತ್ತಿರ ಒಂದು, ಕೆಳಗಡೆ ಒಂದು ಇರಬೇಕು, ಎರಡನ್ನೂ ಒಳಗಿನಿಂದಲೇ ತೆರೆದು ಮುಚ್ಚುವಂತಿರಬೇಕು. ಚಳಿ ಅಂತ ಎಲ್ಲ ಮುಚ್ಚಿಕೊಂಡವರು ಬೆಳಗ್ಗೆ ಒದ್ದೆಯಾಗಿ ಏಳುತ್ತಾರೆ, ಒದ್ದೆಯಾದ ಮೇಲೆ ಚಳಿ ಇನ್ನೂ ಜಾಸ್ತಿ.

ಇಬ್ಬರಿಗೆ ಎಷ್ಟು ದೊಡ್ಡದು ಬೇಕು?

ಇಬ್ಬರಿಗೆ ಮೂವರ ಟೆಂಟು. ಚಳಿಗಾಲದ ಬ್ಯಾಗು ದಪ್ಪ, ಬಟ್ಟೆ ದಪ್ಪ, ಬೂಟಿನ ಒಳಪದರವನ್ನು ಒಳಗೇ ಇಟ್ಟುಕೊಳ್ಳಬೇಕು. ಉದ್ದ 220 ಸೆಂ.ಮೀ.ಗಿಂತ ಕಡಿಮೆ ಬೇಡ. ಗೋಡೆ ಓರೆಯಾಗಿರುವುದರಿಂದ ಬ್ಯಾಗಿನ ತುದಿ ತೇವದ ಬಟ್ಟೆಗೆ ತಾಗುತ್ತಿರುತ್ತದೆ. ಹಾಗಂತ ತೀರಾ ದೊಡ್ಡದಕ್ಕೂ ಹೋಗಬೇಡಿ. ದೊಡ್ಡ ಗೋಡೆ ಅಂದರೆ ಗಾಳಿಗೆ ದೊಡ್ಡ ಹಾಯಿ, ತುಳಿದು ಸಮ ಮಾಡಬೇಕಾದ ಹಿಮವೂ ಜಾಸ್ತಿ.

ಎರಡು ಬಾಗಿಲು ಇರಲಿ. ಒಂದರ ಮುಂದೆ ಹಿಮ ಗುಡ್ಡೆ ಬಿದ್ದರೆ ಇನ್ನೊಂದರಿಂದ ಹೊರಬರಬಹುದು.

ತೂಕ ಎಷ್ಟಿದ್ದರೆ ಸರಿ?

ಹೊರುವುದು ಯಾರು, ಹೇಗೆ ಅನ್ನುವುದರ ಮೇಲೆ. ಕೆಲವು ಟೆಂಟುಗಳ ಹೆಸರು ಹೇಳಿದರೆ ಅಂದಾಜು ಸಿಗುತ್ತದೆ. ಎಂಎಸ್‌ಆರ್ ಆ್ಯಕ್ಸೆಸ್ 2 ಸುಮಾರು 2 ಕೆಜಿ, ಮರಗಳ ಮರೆಯಲ್ಲಿ ಸ್ಕೀ ಮಾಡುತ್ತಾ ಹೋಗುವವರಿಗೆ. ಹಿಲ್ಲೆಬರ್ಗ್ ಜನ್ನು 3 ಕೆಜಿಗಿಂತ ಸ್ವಲ್ಪ ಜಾಸ್ತಿ, ಬಯಲಿನ ಗಾಳಿಗೂ ಆಗುತ್ತದೆ. ಮೌಂಟನ್ ಹಾರ್ಡ್‌ವೇರ್ ಟ್ರಾಂಗೊ 2 ನಾಲ್ಕು ಕೆಜಿ ದಾಟುತ್ತದೆ. ಮೂವರಿಗಾಗುವ ನಾರ್ತ್ ಫೇಸ್ ವಿಇ 25 ಅದಕ್ಕಿಂತಲೂ ಭಾರ. ಈ ಕೊನೆಯ ಎರಡು ಬೇಸ್ ಕ್ಯಾಂಪಿನಲ್ಲಿ ದಿನಗಟ್ಟಲೆ ಬಿರುಗಾಳಿ ತಡೆಯಲು ಇರುವಂಥವು. ಸ್ಲೆಡ್ಜ್ ಎಳೆಯುವವರಿಗೆ ಒಂದು ಕೆಜಿ ಹೆಚ್ಚಾದರೆ ಗೊತ್ತೇ ಆಗುವುದಿಲ್ಲ. ಬೆನ್ನ ಮೇಲೆ ಹೊರುವವರು ಪೋಲ್ ಒಬ್ಬರು, ಬಟ್ಟೆ ಒಬ್ಬರು ಅಂತ ಹಂಚಿಕೊಳ್ಳಿ. ಮರ ಬೆಳೆಯದ ಎತ್ತರಕ್ಕೆ ಹೋಗುವುದಿದ್ದರೆ ಮಾತ್ರ ತೂಕ ಉಳಿಸಲು ಗಟ್ಟಿತನ ಬಿಟ್ಟುಕೊಡಬೇಡಿ.

ಹಿಮದಲ್ಲಿ ಗೂಟ ನಿಲ್ಲುವುದೇ ಇಲ್ಲವಲ್ಲ, ಏನು ಮಾಡುವುದು?

ಟೆಂಟಿನ ಜೊತೆ ಬರುವ ಸೂಜಿಯಂಥ ಗೂಟಗಳನ್ನು ಮನೆಯಲ್ಲೇ ಬಿಡಿ. ಅವು ಹಿಮದಲ್ಲಿ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎದ್ದುಬರುತ್ತವೆ. ಗಡುಸು ಹಿಮಕ್ಕೆ ಉದ್ದವಾದ, ಅಗಲವಾದ, ತೂತು ಕೊರೆದ ಹಿಮದ ಗೂಟ ಬೇಕು. ಮೆತ್ತನೆ ಹಿಮಕ್ಕೆ ಯಾವ ಗೂಟವನ್ನೂ ನೆಟ್ಟಗೆ ಹೊಡೆಯಬೇಡಿ. ಅಡ್ಡ ಮಲಗಿಸಿ ಹೂತುಬಿಡಿ.

ಹೀಗೆ ಮಾಡಿ. ಟೆಂಟಿನಿಂದ ಹಗ್ಗ ಎಳೆಯುವ ದಿಕ್ಕಿಗೆ ಅಡ್ಡಲಾಗಿ ಮೊಣಕೈ ಆಳದ ಗುಂಡಿ ತೋಡಿ. ಒಂದು ಕೋಲು, ಗೂಟ, ಅಥವಾ ಹಿಮ ತುಂಬಿದ ಸಣ್ಣ ಚೀಲವನ್ನು ಅದರಲ್ಲಿ ಅಡ್ಡ ಇಡಿ. ಹಗ್ಗವನ್ನು ಅದಕ್ಕೆ ಗಂಟು ಹಾಕಬೇಡಿ, ಸುತ್ತಿ ವಾಪಸ್ ಮೇಲಕ್ಕೆ ತಂದು ಹಿಮದ ಮೇಲೆ ಗಂಟು ಹಾಕಿ. ಹಗ್ಗ ಗುಂಡಿಯಿಂದ ನೇರ ಮೇಲಕ್ಕೆ ಏಳದೆ ಟೆಂಟಿನ ಕಡೆ ಓರೆಯಾಗಿ ಬರಲು ಸಣ್ಣ ಸೀಳು ಕೊರೆಯಿರಿ. ಈಗ ಹಿಮ ತುಂಬಿ, ಬೂಟಿನಿಂದ ತುಳಿಯಿರಿ. ಆಮೇಲೆ ಅದನ್ನು ಮುಟ್ಟಬೇಡಿ! ತುಳಿದ ಹಿಮದ ಹರಳುಗಳು ಒಂದಕ್ಕೊಂದು ಬೆಸೆದುಕೊಳ್ಳಲು ಹದಿನೈದಿಪ್ಪತ್ತು ನಿಮಿಷ ಬೇಕು. ಅವಸರದವರು ತಕ್ಷಣ ಎಳೆದು, ಎದ್ದುಬಂತು ಅಂತ ಬೈದುಕೊಳ್ಳುತ್ತಾರೆ. ಕಾದವರ ಗೂಟ ಬೆಳಗ್ಗೆ ಸಲಿಕೆ ಇಲ್ಲದೆ ಹೊರಗೆ ಬರುವುದಿಲ್ಲ. ಆಗ ಮೇಲಿನ ಗಂಟು ಬಿಚ್ಚಿ ಒಂದು ತುದಿ ಎಳೆದರೆ ಹಗ್ಗ ಪೂರ್ತಿ ಕೈಗೆ ಬರುತ್ತದೆ.

ಸ್ಕೀ, ಸ್ಕೀ ಕೋಲು, ಐಸ್ ಆ್ಯಕ್ಸ್ ಎಲ್ಲವೂ ಒಳ್ಳೆಯ ಗೂಟಗಳೇ. ಮೂರು ಮಿ.ಮೀ. ದಪ್ಪದ ಹಗ್ಗ 20 ಮೀಟರ್ ಜಾಸ್ತಿ ಇಟ್ಟುಕೊಳ್ಳಿ. ಹಾಕಲೆಂದು ಟೆಂಟಿನ ಸುರುಳಿ ಬಿಚ್ಚುವ ಮೊದಲ ಕ್ಷಣದಲ್ಲೇ ಗಾಳಿಯ ಕಡೆಯ ಒಂದು ಮೂಲೆಯನ್ನು ಕಟ್ಟಿಬಿಡಿ. ಎಷ್ಟೋ ಟೆಂಟುಗಳು ಹಾರಿಹೋಗುವುದು ಹಾಕುವಾಗಲೇ.

ಬುಡದ ಸುತ್ತ ಹಿಮ ಪೇರಿಸುವ ಬಟ್ಟೆಯ ಅಂಚು ಬೇಕೇ ಬೇಕಾ?

ಮರವಿಲ್ಲದ ಬಯಲಿಗೆ ಹೋಗುವವರಿಗೆ ಬೇಕು. ಅಂಚಿನ ಮೇಲೆ ಹಿಮ ಪೇರಿಸಿದರೆ ಗಾಳಿ ಕೆಳಗಿನಿಂದ ನುಗ್ಗಿ ಟೆಂಟನ್ನು ಎತ್ತಲಾರದು. ಉಳಿದವರಿಗೆ ಅದರಿಂದ ತೇವ ಜಾಸ್ತಿ. ಎಲ್ಲ ಬದಿ ಹೂತರೆ ಕೆಳಗಿನ ಗಾಳಿ ನಿಂತೇಹೋಗುತ್ತದೆ.

ಒಳಗೆ ಸ್ಟವ್ ಹಚ್ಚಬಹುದಾ?

ಮಲಗುವ ಜಾಗದಲ್ಲಿ ಬೇಡ. ದಯವಿಟ್ಟು ಬೇಡ. ಉರಿಯುವ ಸ್ಟವ್‌ನಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಕು ಕವಿಯುವುದು ಇದರ ಲಕ್ಷಣ. ಎತ್ತರದಲ್ಲಿ ಬರುವ ಕಾಯಿಲೆಗೂ ಇವೇ ಲಕ್ಷಣ. ಹಾಗಾಗಿ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಬಟ್ಟೆಗೆ ಬೆಂಕಿ ತಾಗಿದರಂತೂ ಕ್ಷಣದಲ್ಲಿ ಕರಗಿ ಮೈಗೆ ಅಂಟುತ್ತದೆ.

ಹೊರಗೆ ಬಿರುಗಾಳಿ, ಹಿಮ ಕರಗಿಸಿ ನೀರು ಮಾಡಲೇಬೇಕು ಅನ್ನುವ ಹೊತ್ತು ಬರುತ್ತದೆ. ಆಗ ಜಗುಲಿಯಲ್ಲಿ, ಬಾಗಿಲು ಮೇಲಿನಿಂದ ಸ್ವಲ್ಪ ತೆಗೆದು, ಗಾಳಿಕಿಂಡಿ ಪೂರ್ತಿ ತೆಗೆದು, ಎಚ್ಚರವಾಗಿ ಕೂತು ಮಾಡಿ. ಸ್ಟವ್ ಆರಿದ ಮೇಲೂ ಕಿಂಡಿ ತೆರೆದೇ ಇರಲಿ. ಜಗುಲಿ ಆರಿಸುವಾಗಲೇ ಇದನ್ನು ಯೋಚಿಸಿ: ಸ್ಟವ್ ಇಟ್ಟರೆ ಬಟ್ಟೆ ಎಷ್ಟು ದೂರ ಇರುತ್ತದೆ? ಟೆಂಟು ಹಾಕಿದ ಮೇಲೆ ಜಗುಲಿಯಲ್ಲಿ ಮೊಣಕಾಲಾಳದ ಗುಂಡಿ ತೋಡಿದರೆ ಕಾಲು ಇಳಿಬಿಟ್ಟು ಕೂರಬಹುದು, ಬೂಟು ಹಾಕಿಕೊಳ್ಳುವುದು ಸಲೀಸು, ತಣ್ಣನೆ ಗಾಳಿಯೂ ಅಲ್ಲಿಗೆ ಇಳಿಯುತ್ತದೆ.

ಬಣ್ಣ ಮುಖ್ಯವಾ?

ಹೌದು. ಹಳದಿ, ಕಿತ್ತಳೆ, ಕೆಂಪು. ಎಲ್ಲ ಬೆಳ್ಳಗಾಗಿ ಹತ್ತು ಹೆಜ್ಜೆ ಆಚೆ ಕಾಣದಿರುವಾಗ ಇವೇ ಕಣ್ಣಿಗೆ ಬೀಳುವುದು. ಎರಡು ದಿನ ಒಳಗೇ ಕೂರಬೇಕಾದರೆ ಹಳದಿ ಬೆಳಕು ಮನಸ್ಸಿಗೂ ಹಿತ.

ಹಳೆಯ ಟೆಂಟು ಕೊಳ್ಳಬಹುದಾ, ಬಾಡಿಗೆಗೆ ತರಬಹುದಾ?

ಖಂಡಿತ. ಆದರೆ ನಿಲ್ಲಿಸಿ ನೋಡದೆ ತರಬೇಡಿ. ನನ್ನ ಫೈಬರ್‌ಗ್ಲಾಸ್ ಪಾಠ ಅದೇ. ನೆಲವನ್ನು ಮುಟ್ಟಿ ನೋಡಿ, ಅಂಟಂಟಾಗಿದ್ದು ಮುಗ್ಗಲು ವಾಸನೆ ಬಂದರೆ ಪಿಯು ಲೇಪನ ಸತ್ತಿದೆ. ಪೋಲ್ ಕೀಲುಗಳಲ್ಲಿ ಕೂದಲೆಳೆ ಬಿರುಕು ಇದೆಯಾ ಅಂತ ಬೆರಳು ಸುತ್ತಿಸಿ ನೋಡಿ. ಜಿಪ್ಪನ್ನು ಒಂದೇ ಕೈಯಲ್ಲಿ ಹತ್ತು ಸಲ ಎಳೆಯಿರಿ. ಮೂಲೆಯ ಹೊಲಿಗೆಗಳನ್ನು ಎಳೆದು ನೋಡಿ, ದಾರದ ಸುತ್ತ ತೂತು ಅಗಲವಾಗಿದ್ದರೆ ಬೇಡ.

ಹೊರಡುವ ಮೊದಲು ಏನು ಅಭ್ಯಾಸ ಮಾಡಬೇಕು?

ದಪ್ಪ ಗವಸು ಹಾಕಿಕೊಂಡು, ಕತ್ತಲಲ್ಲಿ, ತಲೆದೀಪದ ಬೆಳಕಿನಲ್ಲಿ ಟೆಂಟು ಹಾಕಿ. ಆಗುವುದಿಲ್ಲ ಅನ್ನಿಸಿದ ಕಡೆಯೆಲ್ಲ ಏನು ಅಡ್ಡ ಬಂತು ಅಂತ ಬರೆದುಕೊಳ್ಳಿ. ಜಿಪ್ಪಿನ ತುದಿಗೆ ಉದ್ದ ದಾರ ಕಟ್ಟಿ. ಗಾಳಿ ಬೀಸುವ ದಿನ ಇನ್ನೊಮ್ಮೆ ಹಾಕಿ.

ಹಿಮದಲ್ಲಿ ಜಾಗ ಆರಿಸುವುದನ್ನೂ ಕಲಿಯಿರಿ. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಹಿಮಕುಸಿತ ಹೆಚ್ಚು, ಅಂಥ ಇಳಿಜಾರಿನ ಕೆಳಗೂ ಟೆಂಟು ಹಾಕಬೇಡಿ. ಅಲ್ಲಿ ಯಾವ ಟೆಂಟಿನ ಗಟ್ಟಿತನವೂ ಲೆಕ್ಕಕ್ಕಿಲ್ಲ. ಜಾಗ ಸಿಕ್ಕ ಮೇಲೆ ಸ್ಕೀ ಅಥವಾ ಹಿಮದ ಬೂಟಿನಿಂದ ಚೆನ್ನಾಗಿ ತುಳಿದು, ಗಟ್ಟಿಯಾಗಲು ಅರ್ಧ ಗಂಟೆ ಬಿಡಿ. ತುಳಿಯದೆ ಹಾಕಿದರೆ ರಾತ್ರಿ ಸೊಂಟದ ಕೆಳಗೆ ಗುಂಡಿ ಬೀಳುತ್ತದೆ, ಅದು ಹಾಗೇ ಕಲ್ಲಾಗುತ್ತದೆ.

ರಾತ್ರಿ ಹಿಮ ಸುರಿಯುತ್ತಲೇ ಇದ್ದರೆ?

ಸಲಿಕೆ ಟೆಂಟಿನ ಒಳಗೇ ಇರಬೇಕು, ಹೊರಗೆ ನೆಟ್ಟಿದ್ದು ಹೂತುಹೋಗುತ್ತದೆ. ಎರಡು ಗಂಟೆಗೊಮ್ಮೆ ಎದ್ದು ಒಳಗಿನಿಂದ ಗೋಡೆಗಳನ್ನು ಅಂಗೈಯಿಂದ ಮೆಲ್ಲಗೆ ತಟ್ಟಿ. ಹಿಮ ಸರ್ರೆಂದು ಜಾರುವ ಸದ್ದು ಕೇಳಿಸುತ್ತದೆ. ಆ ಸದ್ದು ಬರದೆ ಬಟ್ಟೆ ಗೋಡೆಯ ಹಾಗೆ ಗಟ್ಟಿ ಅನ್ನಿಸಿದರೆ, ಹಿಮ ಬುಡದಲ್ಲಿ ಪೇರಿಸಿಕೊಂಡು ಜಾರಲು ಜಾಗವಿಲ್ಲ ಅಂತ ಅರ್ಥ. ಎಷ್ಟೇ ಚಳಿಯಿದ್ದರೂ ಆಗ ಹೊರಗೆ ಹೋಗಲೇಬೇಕು. ಮೊದಲು ಗಾಳಿಕಿಂಡಿಗಳನ್ನು ಬಿಡಿಸಿ, ಆಮೇಲೆ ಬಾಗಿಲು, ಆಮೇಲೆ ಸುತ್ತಲಿನ ಗೋಡೆ. ಬಟ್ಟೆಯ ಹತ್ತಿರ ಸಲಿಕೆಯ ಅಂಚು ತಾಗಿಸಬೇಡಿ, ಕೊನೆಯ ಒಂದು ಗೇಣು ಕೈಯಿಂದಲೇ ಸರಿಸಿ. ಒಳಗೆ ಬರುವ ಮುನ್ನ ಪ್ರತಿ ಹಗ್ಗವನ್ನೂ ಬೆರಳಿನಿಂದ ಮೀಟಿ ನೋಡಿ, ಸಡಿಲವಿದ್ದದ್ದನ್ನು ಬಿಗಿಮಾಡಿ. ಮೈಮೇಲಿನ ಹಿಮವನ್ನು ಜಗುಲಿಯಲ್ಲೇ ಕೊಡವಿ, ಜೊತೆಯವರನ್ನು ಎಬ್ಬಿಸಿ ಮುಂದಿನ ಸರದಿ ಅವರದು ಅಂತ ಹೇಳಿ ಮಲಗಿ.